ಸೂಜಿಗೆ ಸಾಕಾದ ಬೆಳದಿಂಗಳು

ಆ ಊರಿನಲ್ಲಿ ಇನ್ನೂರ ಹದಿನಾಲ್ಕು ಬೀದಿದೀಪಗಳಿದ್ದವು, ಅವುಗಳಿಗೆ ಏಳು ಸ್ವಿಚ್ ಪೆಟ್ಟಿಗೆಗಳಿದ್ದವು, ಏಳು ಪೆಟ್ಟಿಗೆಗೂ ಸೇರಿ ಒಬ್ಬನೇ ಮನುಷ್ಯನಿದ್ದ. ಪುರಸಭೆಯ ಹಾಜರಿ ಪುಸ್ತಕದಲ್ಲಿ ಅವನಿಗೊಂದು ಹೆಸರಿತ್ತು. ಹಾಜರಿ ಹಾಕುವವರೂ ಅದನ್ನು ಬಳಸುತ್ತಿರಲಿಲ್ಲ. ಊರಿಗೆಲ್ಲ ಅವನು ದೀಪದಣ್ಣ. ದಿನಾ ಸಂಜೆ ಸೈಕಲ್ ಹತ್ತಿ ಹೊರಟು, ಬಸ್ ನಿಲ್ದಾಣದ ಪೆಟ್ಟಿಗೆಯಿಂದ ಶುರುಮಾಡಿ ಮರದ ಮಿಲ್ಲಿನ ಹಿಂದಿನ ಪೆಟ್ಟಿಗೆಯವರೆಗೆ ಒಂದೊಂದೇ ಸ್ವಿಚ್ ಹಾಕಿ, ಅಲ್ಲಿಂದ ಪುರಸಭೆಯ ದೀಪದ ಕೋಣೆಗೆ ಹೋಗಿ, ಎಲ್ಲಿಯಾದರೂ ಬಲ್ಬು ಸುಟ್ಟಿದೆ ಎಂದು ಯಾರಾದರೂ ಬಂದು ಹೇಳಿಯಾರೆಂದು ಹತ್ತೂವರೆಯವರೆಗೆ ಕೂರುವುದು. ಯಾರೂ ಬರುತ್ತಿರಲಿಲ್ಲ. ಬಾರದಿದ್ದರೂ ಕೂರಬೇಕೆಂದು ನಿಯಮ. ತಲೆ ಮೇಲೆ ತಲೆ ಬಿದ್ದರೂ ದೀಪದಣ್ಣ ನಿಯಮ ಬಿಟ್ಟವನಲ್ಲ.

ಇನ್ನೊಂದು ನಿಯಮವೂ ಇತ್ತು. ಯಾವುದೋ ಕಾಲದಲ್ಲಿ ಕರೆಂಟಿಗೆ ಬರ ಬಂದಿದ್ದಾಗ ಮಾಡಿದ್ದು. ಬರ ಹೋಯಿತು, ನಿಯಮ ಉಳಿಯಿತು. ‘ಹುಣ್ಣಿಮೆಯ ದಿನ ಬೆಳದಿಂಗಳು ಸಾಕಷ್ಟಿದ್ದಲ್ಲಿ ಬೀದಿದೀಪಗಳನ್ನು ಹೊತ್ತಿಸತಕ್ಕದ್ದಲ್ಲ.’ ಸಾಕಷ್ಟು ಎಂದರೆ ಎಷ್ಟು ಎಂಬುದನ್ನು ಬರೆದವರು ಬರೆಯಲು ಮರೆತಿದ್ದರು, ಅಥವಾ ಅವರಿಗೂ ಗೊತ್ತಿರಲಿಲ್ಲ. ಹಿಂದಿನ ದೀಪದವನು ಆಕಾಶ ನೋಡಿ, ತನಗೆ ಮೈಗಳ್ಳತನ ಬಂದ ದಿನವೆಲ್ಲ ಸಾಕಷ್ಟಿದೆ ಎನ್ನುತ್ತಿದ್ದನಂತೆ. ದೀಪದಣ್ಣನಿಗೆ ಅದು ಸರಿಬರಲಿಲ್ಲ. ಸಾಕು ಎನ್ನುವುದಕ್ಕೆ ಒಂದು ಅಳತೆ ಬೇಡವೇ? ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಅವನು ಅಳತೆಯೊಂದನ್ನು ಹುಡುಕಿದ. ಹೊಸದಾಗಿ ಕೈಹಿಡಿದಿದ್ದ ಹೆಂಡತಿ ಟೈಲರ್. ಹುಣ್ಣಿಮೆಯ ಸಂಜೆ ಏಳೂವರೆಗೆ ಅವಳು ತಾರಸಿಯ ಮೇಲೆ ಬೆಳದಿಂಗಳಲ್ಲಿ ಕೂತು, ಒಂಬತ್ತನೇ ನಂಬರಿನ ಸಣ್ಣ ಸೂಜಿಗೆ ಕಪ್ಪು ದಾರ ಪೋಣಿಸಬೇಕು. ಮೂರು ಸಲದೊಳಗೆ ದಾರ ಹೋದರೆ ಬೆಳದಿಂಗಳು ಸಾಕು. ಹೋಗದಿದ್ದರೆ ಸಾಲದು, ದೀಪದಣ್ಣ ಸೈಕಲ್ ಹತ್ತಿ ದೀಪ ಹಾಕಲು ಹೊರಡಬೇಕು. ಮೋಡವಿದ್ದರೆ ಪರೀಕ್ಷೆಯೇ ಇಲ್ಲ, ದೀಪ.

ಇದನ್ನು ಅವನು ಒಂದು ಹಾಳೆಯಲ್ಲಿ ಬರೆದು ಆಗಿನ ಮುಖ್ಯಾಧಿಕಾರಿಗೆ ಕೊಟ್ಟ. ಅವರು ಯಾವುದೋ ಮದುವೆಗೆ ಹೊರಟಿದ್ದರು. ಓದದೆ ಸಹಿ ಮಾಡಿ ಮೊಹರು ಒತ್ತಿಸಿದರು. ಅಂದಿನಿಂದ ಆ ಊರಿನ ಚಂದ್ರನಿಗೆ ಸರ್ಕಾರಿ ಪರೀಕ್ಷೆ ಶುರುವಾಯಿತು.

ಇಪ್ಪತ್ತಾರು ವರ್ಷ ಅದು ನಡೆಯಿತು. ತಿಂಗಳಿಗೊಮ್ಮೆ ಅವಳು ಮಿಷನ್ ನಿಲ್ಲಿಸಿ, ತೊಡೆಯ ಮೇಲಿನ ದಾರದ ಚೂರುಗಳನ್ನು ಒದರಿ, ಸೂಜಿ ಹಿಡಿದು ತಾರಸಿಗೆ ಬರುವಳು. ಅವನು ಕೈಗಡಿಯಾರ ನೋಡುತ್ತ ಎದುರು ನಿಲ್ಲುವನು. ಅವಳು ದಾರದ ತುದಿಯನ್ನು ನಾಲಿಗೆಗೆ ಹಚ್ಚಿ, ಎರಡು ಬೆರಳಲ್ಲಿ ಹೊಸೆದು ತೂರಿಸುವಳು. ಹೋಯಿತು. ಅವನು ರಿಜಿಸ್ಟರಿನಲ್ಲಿ ‘ಸಾಕು. ಮೊದಲ ಯತ್ನ’ ಎಂದು ಬರೆದು ತಾರೀಖು ಹಾಕುವನು. ಆಮೇಲೆ ಮಾಡುವುದಕ್ಕೆ ಏನೂ ಇಲ್ಲದ ಕಾರಣ ಇಬ್ಬರೂ ಅಲ್ಲೇ ಕೂತು ಊಟ ಮಾಡುವರು. ಉಳಿದ ದಿನಗಳಲ್ಲಿ ಅವನ ಊಟ ಡಬ್ಬಿಯಲ್ಲಿ, ದೀಪದ ಕೋಣೆಯಲ್ಲಿ, ಗೋಡೆಯ ಮೇಲಿನ ಮೀಟರುಗಳ ಎದುರಿಗೆ. ಮೀಟರುಗಳು ಊಟದ ಬಗ್ಗೆ ಏನೂ ಹೇಳುತ್ತಿರಲಿಲ್ಲ.

ಹೀಗಿರುವಾಗ ಗಡಿಯಾರ ರಿಪೇರಿಯ ಯಜಮಾನರು ಬಿದ್ದರು. ಬೇಸಿಗೆಯ ಒಂದು ಹುಣ್ಣಿಮೆ, ರಾತ್ರಿ ಎಂಟು ಗಂಟೆ. ಔಷಧಿ ಅಂಗಡಿಯ ಮುಂದೆ ನೀರಿನ ಪೈಪಿಗೆಂದು ಪುರಸಭೆಯವರೇ ಕಾಲುವೆ ತೋಡಿ, ಮುಚ್ಚುವ ವಿಷಯವನ್ನು ಮುಂದಿನ ಸಭೆಗೆ ಇಟ್ಟಿದ್ದರು. ಯಜಮಾನರು ಅಂಗಡಿ ಮುಚ್ಚಿ ಬರುತ್ತಿದ್ದವರು ಸೀದಾ ಅದರೊಳಕ್ಕೆ ಹೋದರು. ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ನಲವತ್ತು ವರ್ಷ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಕೂರಿಸಿದ ಕೈ ಅದು. ಊರಿನವರು ‘ಹಗಲು ಕಂಡ ಬಾವಿಗೆ ಇರುಳು ಬಿದ್ದರು’ ಎಂದರು. ಅಂಥವರು ಎಲ್ಲ ಊರಿನಲ್ಲೂ ಇರುತ್ತಾರೆ. ತಾವು ಬೀಳುವವರೆಗೆ ಅವರಿಗೆ ಗಾದೆ ನೆನಪಿರುತ್ತದೆ.

ಯಜಮಾನರ ಮಗಳು ಸುಮ್ಮನಿರಲಿಲ್ಲ. ಅಂದು ಬೀದಿದೀಪ ಯಾಕಿರಲಿಲ್ಲವೆಂದು ದೂರು ಬರೆದಳು. ಪುರಸಭೆ ರಿಜಿಸ್ಟರ್ ತೆಗೆದು ನೋಡಿತು: ‘ಸಾಕು. ಮೊದಲ ಯತ್ನ.’ ಬೆಳಕು ಸಾಕಷ್ಟಿದ್ದರೆ ಬಿದ್ದವರದೇ ತಪ್ಪು, ಅವರ ಚಿಕಿತ್ಸೆ ಅವರದು. ಸಾಲದಿದ್ದರೆ ದೀಪದಣ್ಣ ಬರೆದದ್ದು ಸುಳ್ಳು. ಸುಳ್ಳು ಬರೆದ ನೌಕರನಿಗೆ ಕೆಲಸವಿಲ್ಲ. ಕಾಲುವೆ ಯಾಕೆ ತೆರೆದಿತ್ತು ಎಂಬ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ. ಹತ್ತು ದಿನದಲ್ಲಿ ವಿಚಾರಣೆ ಎಂದು ಮೆಮೋ ಬಂತು. ದೀಪದಣ್ಣನ ನಿವೃತ್ತಿಗೆ ಎಂಟು ತಿಂಗಳಿತ್ತು.

ಅವನು ಮೆಮೋವನ್ನು ಮೂರು ಸಲ ಓದಿದ. ಕೆಲಸ ಹೋಗುವುದಕ್ಕಿಂತ ‘ಸುಳ್ಳು’ ಎಂಬ ಆ ಎರಡಕ್ಷರ ಅವನಿಗೆ ಹೆಚ್ಚು ಚುಚ್ಚಿತು. ಹೆಂಡತಿಗೆ ತೋರಿಸಿದ. ಅವಳು ಓದಿ, ಮಡಿಸಿ, ಮಿಷನ್ನಿನ ಡ್ರಾಯರಿನಲ್ಲಿಟ್ಟು, ಯಾರದೋ ದಿಂಬಿನ ಚೀಲ ಹೊಲಿಯುವುದನ್ನು ಮುಂದುವರಿಸಿದಳು. ಅವಳ ಮುಖದಲ್ಲಿ ಬಣ್ಣವಿರಲಿಲ್ಲ. ಅದು ತನ್ನ ಚಿಂತೆಗೇ ಎಂದು ಅವನು ತಿಳಿದ.

ಐದು ದಪ್ಪ ರಿಜಿಸ್ಟರುಗಳನ್ನು ಚೀಲಕ್ಕೆ ತುಂಬಿಕೊಂಡು ಅವನು ನಾದಿನಿಯ ಮನೆಗೆ ಹೋದ. ಹೆಂಡತಿಯ ತಂಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಪಾಠದ ಚಟ ಎಷ್ಟೆಂದರೆ, ಹಾಲು ಉಕ್ಕಿದರೂ ಯಾಕೆ ಉಕ್ಕಿತೆಂದು ಹೇಳಿದ ಮೇಲೇ ಒಲೆ ಆರಿಸುತ್ತಿದ್ದಳು.

“ಆವತ್ತು ಹುಣ್ಣಿಮೆ ಇತ್ತು ಅಂತ ಒಂದು ಕಾಗದ ಬರ್ಕೊಡು, ಸಾಕು” ಎಂದ ದೀಪದಣ್ಣ. “ಹುಣ್ಣಿಮೆ ಅಂದ್ಮೇಲೆ ಬೆಳಕಿರುತ್ತೆ. ಎಲ್ಲಾ ಹುಣ್ಣಿಮೆನೂ ಒಂದೇ ತಾನೇ?”

“ಒಂದೇ ಅಂತ ಯಾರು ಹೇಳಿದ್ದು ಭಾವ?”

“ಹೇಳೋದೇನು? ಪೂರ್ತಿ ಗುಂಡಗಿರುತ್ತೆ.”

“ನಲವತ್ತರ ಬಲ್ಬೂ ಗುಂಡಗಿರುತ್ತೆ, ನೂರರ ಬಲ್ಬೂ ಗುಂಡಗಿರುತ್ತೆ.”

ಈ ಭಾಷೆ ಅವನಿಗೆ ಅರ್ಥವಾಗುತ್ತಿತ್ತು. ಅವನು ಕುರ್ಚಿ ಎಳೆದುಕೊಂಡು ಕೂತ.

ನಾದಿನಿ ಊಟದ ಮೇಜಿನ ಮೇಲೆ ಒಂದು ಲೋಟ ಇಟ್ಟು, ಅದರ ಸುತ್ತ ಬೆರಳಲ್ಲಿ ನೀರಿನ ಗೆರೆ ಎಳೆದಳು. ಗೆರೆ ದುಂಡಗಿರಲಿಲ್ಲ, ಒಂದು ಕಡೆ ಲೋಟಕ್ಕೆ ಹತ್ತಿರ, ಇನ್ನೊಂದು ಕಡೆ ದೂರ. “ಲೋಟ ನಾವು. ಗೆರೆ ಚಂದ್ರ ಓಡಾಡೋ ದಾರಿ. ಪ್ರತಿ ಸುತ್ತಲ್ಲೂ ಒಂದ್ಸಲ ಹತ್ತಿರ ಬರ್ತಾನೆ, ಒಂದ್ಸಲ ದೂರ ಹೋಗ್ತಾನೆ. ಹತ್ತಿರ ಬಂದ ಹೊತ್ತಿಗೇ ಹುಣ್ಣಿಮೆನೂ ಬಂದ್ರೆ ದೊಡ್ಡ ಹುಣ್ಣಿಮೆ. ತೀರಾ ದೂರದ ಹುಣ್ಣಿಮೆಗಿಂತ ಬೆಳಕು ಕಾಲು ಪಾಲಿಗೂ ಮೇಲೆ ಜಾಸ್ತಿ.”

“ಅಷ್ಟೇನಾ?”

“ಅಷ್ಟೇ ಅಲ್ಲ. ಚಳಿಗಾಲದಲ್ಲಿ ಸೂರ್ಯ ತಗ್ಗಿನಲ್ಲಿ ಓಡ್ತಾನೆ. ಹುಣ್ಣಿಮೆ ಚಂದ್ರ ಯಾವಾಗಲೂ ಸೂರ್ಯನ ಎದುರು ದಿಕ್ಕಲ್ಲಿರೋನು, ಹಾಗಾಗಿ ಆಗ ನೆತ್ತಿ ಕಡೆ ಏರ್ತಾನೆ. ಬೆಳಕು ನೇರ ಬೀಳುತ್ತೆ, ಮಧ್ಯ ಗಾಳಿ ಕಮ್ಮಿ. ಬೇಸಿಗೇಲಿ ಇದು ಉಲ್ಟಾ. ಸೂರ್ಯ ನೆತ್ತಿ ಮೇಲೆ, ಚಂದ್ರ ಕಾಂಪೌಂಡ್ ಗೋಡೆ ಮೇಲೆ. ಅಡ್ಡಡ್ಡ ಬರೋ ಬೆಳಕು ಊರಿನ ಧೂಳನ್ನೆಲ್ಲ ದಾಟ್ಕೊಂಡು ಬರಬೇಕು. ಮಳೆ ಬಂದು ಧೂಳು ತೊಳೆದಿದ್ರೆ ಅದಿನ್ನೊಂದು ಲೆಕ್ಕ. ಇವೆಲ್ಲಾ ಕೂಡಿ ಬಂದ ದಿನ ಹೊರಗೆ ಪತ್ರಿಕೆ ತಲೆಬರಹ ಓದಬಹುದು.”

“ಮತ್ತೆ ಹುಟ್ಟೋವಾಗ ತಟ್ಟೆಯಷ್ಟು ಇರ್ತಾನಲ್ಲ, ಆಮೇಲೆ ಚಿಕ್ಕದಾಗ್ತಾನಲ್ಲ?”

“ಅದು ನಮ್ಮ ಕಣ್ಣಿನ ಆಟ. ಕೈ ಚಾಚಿ ಕಿರುಬೆರಳು ಹಿಡೀರಿ, ಹುಟ್ಟೋವಾಗಲೂ ಮುಚ್ಚುತ್ತೆ, ನೆತ್ತಿಗೆ ಬಂದಾಗಲೂ ಮುಚ್ಚುತ್ತೆ. ಇನ್ನೊಂದು ಗೊತ್ತಾ? ಅರ್ಧ ಚಂದ್ರಂಗಿಂತ ಹುಣ್ಣಿಮೆ ಚಂದ್ರನ ಬೆಳಕು ಎರಡರಷ್ಟಲ್ಲ, ಹೆಚ್ಚುಕಮ್ಮಿ ಹತ್ತರಷ್ಟು. ಸೂರ್ಯನ ಬೆಳಕು ನಮ್ಮ ಬೆನ್ನ ಹಿಂದಿಂದ ಅವನ ಮೇಲೆ ನೇರ ಬೀಳುತ್ತೆ. ಅಲ್ಲಿನ ಕಲ್ಲು, ಗುಂಡಿಗಳ ನೆರಳೆಲ್ಲ ಅವುಗಳ ಹಿಂದೇನೇ ಅಡಗುತ್ತೆ, ನಮಗೆ ಕಾಣೋದೇ ಇಲ್ಲ.”

ದೀಪದಣ್ಣನಿಗೆ ಸ್ವಲ್ಪ ಅವಮಾನವಾಯಿತು. ಇಪ್ಪತ್ತಾರು ವರ್ಷ ಜೊತೆಯಲ್ಲಿ ಕೆಲಸ ಮಾಡಿದವನ ಬಗ್ಗೆ ಇಷ್ಟೂ ತಿಳಿದಿರಲಿಲ್ಲ.

ನಾದಿನಿ ನಾಲ್ಕು ದಿನ ರಿಜಿಸ್ಟರುಗಳನ್ನು ಇಟ್ಟುಕೊಂಡು, ಗ್ರಂಥಾಲಯದಿಂದ ಚಂದ್ರನ ದೂರದ ಪಟ್ಟಿಯನ್ನೂ ಹಳೆಯ ಮಳೆ ಲೆಕ್ಕವನ್ನೂ ತಂದು, ಒಂದೊಂದೇ ಹುಣ್ಣಿಮೆಯನ್ನು ತಾಳೆ ನೋಡಿದಳು. ಐದನೆಯ ದಿನ ಅವನನ್ನು ಕರೆದಾಗ ಅವಳ ಮುಖ ಪರೀಕ್ಷೆಯಲ್ಲಿ ಕಾಪಿ ಹೊಡೆದವರನ್ನು ಹಿಡಿದ ಟೀಚರಿನ ಹಾಗಿತ್ತು.

“ಭಾವ, ಯಜಮಾನ್ರು ಬಿದ್ದ ಹುಣ್ಣಿಮೆ ಈ ವರ್ಷದಲ್ಲೇ ಅತಿ ದೂರದ್ದು. ತಗ್ಗಿನಲ್ಲಿತ್ತು, ಧೂಳೂ ಇತ್ತು. ಅಂಥದ್ರಲ್ಲಿ ಅಕ್ಕ ಮೊದಲನೇ ಸಲಕ್ಕೇ ಪೋಣಿಸಿದ್ದಾಳೆ. ಮೋಡ ಇಲ್ಲದ ಹುಣ್ಣಿಮೆ ಇನ್ನೂರ ನಲವತ್ತು. ಹತ್ತಿರ ಆಗ್ಲಿ, ದೂರ ಆಗ್ಲಿ, ಇನ್ನೂರ ಇಪ್ಪತ್ತೊಂಬತ್ತು ಸಲ ಸಾಕು. ಬರೀ ಹನ್ನೊಂದು ಸಲ ಸಾಲದು. ಆ ಹನ್ನೊಂದಕ್ಕೂ ಚಂದ್ರಂಗೂ ಎಳ್ಳಷ್ಟೂ ಸಂಬಂಧ ಇಲ್ಲ. ನೋಡಿ, ಇದು. ಹತ್ತೊಂಬತ್ತು ವರ್ಷದ ಹಿಂದಿನ ಚಳಿಗಾಲ. ಹತ್ತಿರ, ನೆತ್ತಿ ಮೇಲೆ, ಹಿಂದಿನ ದಿನ ಮಳೆ. ಈ ಐದೂ ಪುಸ್ತಕದಲ್ಲಿ ಇದಕ್ಕಿಂತ ಬೆಳಕಿನ ಹುಣ್ಣಿಮೆ ಇಲ್ಲ. ಅವತ್ತು ‘ಸಾಲದು’ ಅಂತ...”

ಅವಳ ಬೆರಳು ತಾರೀಖಿನ ಮೇಲೆ ನಿಂತಿತು. ಆ ತಾರೀಖು ಅವಳಿಗೂ ಗೊತ್ತಿತ್ತು. ಅಕ್ಕನಿಗೆ ಒಂದೇ ಒಂದು ಮಗು ಹುಟ್ಟಿತ್ತು, ಒಂಬತ್ತು ದಿನ ಇತ್ತು. ಹತ್ತನೆಯ ದಿನದ ಹುಣ್ಣಿಮೆ ಅದು. ನಾದಿನಿ ಬೆರಳನ್ನು ಸುಮ್ಮನೆ ಕೆಳಗಿನ ಸಾಲಿಗೆ ಸರಿಸಿದಳು. ದೀಪದಣ್ಣ ಮೇಜಿನ ಮೇಲಿನ ಲೋಟ ತೆಗೆದು ನೀರು ಕುಡಿದ.

“ಇದನ್ನೆಲ್ಲಾ ಅಲ್ಲಿ ಹೇಳ್ಬೇಕಾ?” ಎಂದು ಕೇಳಿದ.

“ಕೇಳಿದ್ರೆ ಹೇಳ್ತೀನಿ ಭಾವ. ನಂಗೆ ಸುಳ್ಳು ಬರಲ್ಲ.”

“ನಂಗೂ ಬರಲ್ಲ” ಎಂದ ದೀಪದಣ್ಣ.

ವಿಚಾರಣೆ ಮಧ್ಯಾಹ್ನ ಎರಡಕ್ಕೆ, ಪುರಸಭೆಯ ಸಭಾಂಗಣದಲ್ಲಿ. ಸೂಜಿ ಪರೀಕ್ಷೆಯನ್ನು ಎಲ್ಲರೆದುರು ಮತ್ತೆ ಮಾಡಿಸಲೆಂದು ಇಂಜಿನಿಯರ್ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆಸಿ, ಮೂಲೆಯಲ್ಲಿ ಒಂದು ಪುಟ್ಟ ಬಲ್ಬಿಗೆ ಹಾಳೆ ಸುತ್ತಿ, ಟೀಚರಮ್ಮ ಕೊಟ್ಟ ಲೆಕ್ಕದ ಪ್ರಕಾರ ಅಂದಿನ ಬೆಳದಿಂಗಳನ್ನು ತಯಾರಿಸಿದ್ದರು. ಹಾಳೆ ಒಂದು ಸುತ್ತು ಹೆಚ್ಚಾಯಿತೇ ಎಂದು ಹೊಸ ಮುಖ್ಯಾಧಿಕಾರಿಗೂ ಅವರಿಗೂ ಕಾಲು ಗಂಟೆ ವಾದವಾಯಿತು. ಕೊನೆಗೆ ಚಂದ್ರನನ್ನು ಬಹುಮತದಿಂದ ಅಂಗೀಕರಿಸಲಾಯಿತು.

ಗಡಿಯಾರದ ಯಜಮಾನರು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮುಂದಿನ ಬೆಂಚಿನಲ್ಲಿ ಕೂತಿದ್ದರು. ದೀಪದಣ್ಣನ ಹೆಂಡತಿ ಒಳಗೆ ಬಂದವಳು ಅವರನ್ನು ನೋಡಿ ನಿಂತಳು. ನೋಡಿದ್ದು ಪ್ಲಾಸ್ಟರನ್ನಲ್ಲ, ಅಂಗಿಯನ್ನು. ಎಡಗೈಯಲ್ಲಿ ಹಾಕಿಕೊಂಡ ಗುಂಡಿಗಳು ಒಂದೊಂದು ಕಾಜಾ ತಪ್ಪಿ ಅಂಗಿ ಓರೆಯಾಗಿ ನೇತಾಡುತ್ತಿತ್ತು, ನಡುವೆ ಒಂದು ಗುಂಡಿ ಹಾಕಲಾಗದೆ ಹಾಗೇ ಬಿಟ್ಟಿತ್ತು. ಹೆಂಡತಿ ಬಟ್ಟೆಯನ್ನು ಹಾಗೆ ನೋಡುವುದು ಹೊಲಿಗೆ ಪೂರ್ತಿ ಬಿಚ್ಚಿ ಮತ್ತೆ ಹೊಲಿಯಬೇಕೆಂದು ತೀರ್ಮಾನಿಸಿದಾಗ ಎಂಬುದು ದೀಪದಣ್ಣನಿಗೆ ಗೊತ್ತಿತ್ತು.

ಅವಳಿಗೆ ಸೂಜಿ ದಾರ ಕೊಟ್ಟರು. ಮೂಲೆಯ ಬಲ್ಬಿನ ಮಬ್ಬಿನಲ್ಲಿ ಅವಳು ಮೊದಲ ಸಲಕ್ಕೇ ಪೋಣಿಸಿದಳು. ಇನ್ನೊಮ್ಮೆ ಎಂದರು, ಪೋಣಿಸಿದಳು. ಮೂರನೆಯದೂ ಹೋಯಿತು. ಮುಖ್ಯಾಧಿಕಾರಿ ಪೆನ್ನು ತೆಗೆದರು.

“ಅಲ್ಲಿಗೆ ಬೆಳಕು ಸಾಕಷ್ಟಿತ್ತು ಅಂತಾಯ್ತು. ಯಜಮಾನ್ರೇ, ನೀವು ನೋಡ್ಕೊಂಡು ನಡೀಬೇಕಿತ್ತು.”

“ಇರಬಹುದು ಸಾರ್” ಎಂದರು ಯಜಮಾನರು. “ನಾನೇ ನೋಡಲಿಲ್ವೇನೋ.”

ದೀಪದಣ್ಣನಿಗೆ ಹೋದ ಉಸಿರು ಬಂತು. ಎಂಟು ತಿಂಗಳು ಉಳಿಯಿತು, ಹೆಸರೂ ಉಳಿಯಿತು. ಆದರೆ ಅವನ ಹೆಂಡತಿ ಕುರ್ಚಿಯಿಂದ ಏಳಲಿಲ್ಲ.

“ಸಾರ್, ಆ ಬಲ್ಬೂ ಆರಿಸಿ.”

“ಯಾಕಮ್ಮಾ?”

“ಆರಿಸಿ ಸಾರ್.”

ಇಂಜಿನಿಯರ್ ಆರಿಸಿದರು. ಸಭಾಂಗಣದಲ್ಲಿ ಕಣ್ಣಿಗೆ ಕೈ ಕಾಣದಂಥ ಕತ್ತಲೆ. ಯಾರೋ ಕೆಮ್ಮಿದರು. ಏನು ನಡೆಯಿತೆಂದು ಯಾರಿಗೂ ಕಾಣಲಿಲ್ಲ; ಅದೇ ಅದರ ಉದ್ದೇಶವಾಗಿತ್ತು. “ಹಾಕಿ” ಎಂದಳು. ದೊಡ್ಡ ದೀಪ ಹಾಕಿದಾಗ ದಾರ ಸೂಜಿಯಲ್ಲಿತ್ತು.

ಮುಖ್ಯಾಧಿಕಾರಿ ಪೆನ್ನು ಕೆಳಗಿಟ್ಟರು. “ಇದು ಯಾವಾಗಿಂದ?”

“ಎರಡನೇ ವರ್ಷದಿಂದ ಸಾರ್. ದಿನಾ ಅದೇ ಕೆಲಸ ಮಾಡೋ ಬೆರಳಿಗೆ ಕಣ್ಣು ಬೇಡ.”

“ಅಂದ್ರೆ ಇಪ್ಪತ್ತೈದು ವರ್ಷ ಈ ಪರೀಕ್ಷೆಗೆ ಅರ್ಥಾನೇ ಇರಲಿಲ್ವಾ? ಯಾಕಮ್ಮಾ ಹೇಳಲಿಲ್ಲ?”

ಅವಳು ಗಂಡನ ಕಡೆ ನೋಡಲಿಲ್ಲ. “ದಾರ ಹೋದ್ರೆ ಇವರು ಮನೇಲಿರ್ತಿದ್ರು ಸಾರ್. ತಿಂಗಳಲ್ಲಿ ಒಂದೇ ದಿನ ಇವರ ಜೊತೆ ಕೂತು ಊಟ ಮಾಡೋದು. ಆ ಒಂದು ದಿನಾನೂ ಚಂದ್ರನ ಕೈಗೆ ಕೊಡಕ್ಕೆ ಮನಸ್ಸಾಗಲಿಲ್ಲ. ಅದಕ್ಕೆ ಈ ಯಜಮಾನ್ರು ಕೈ ಮುರ್ಕೊಂಡ್ರು. ತಪ್ಪು ನಂದೇ. ಇವರಿಗೇನೂ ಗೊತ್ತಿಲ್ಲ.”

ಇಂಜಿನಿಯರ್ ಟೀಚರಮ್ಮನ ಪಟ್ಟಿ ಎತ್ತಿಕೊಂಡರು. ಅವರಿಗೆ ಬೇರೆಯದೇ ತೊಂದರೆಯಿತ್ತು. “ಹಾಗಾದ್ರೆ ಈ ಹನ್ನೊಂದು ಸಲ ‘ಸಾಲದು’ ಅಂತಿದೆಯಲ್ಲ?”

“ಅವತ್ತೆಲ್ಲ ಇವರ ಮೇಲೆ ಸಿಟ್ಟಿತ್ತು ಸಾರ್. ಬೇಕೂಂತ ದಾರ ತಪ್ಪಿಸ್ದೆ. ಹೋಗಿ ದೀಪ ಹಾಕ್ಲಿ ಅಂತ.”

“ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಲ್ಲಮ್ಮಾ.”

“ನಮ್ಮದು ದೀಪ ಹಾಕಿ ಬರೋ ತನಕ ಸಾರ್.”

ಹಿಂದಿನ ಬೆಂಚಿನವರು ನಕ್ಕರು. ಇಂಜಿನಿಯರ್ ನಗಲಿಲ್ಲ, ಲೆಕ್ಕ ಹಾಕುತ್ತಿದ್ದರು. “ಹನ್ನೊಂದೂ ಸಿಟ್ಟೇನಾ?”

“ಹತ್ತು ಸಿಟ್ಟು. ಇನ್ನೊಂದನ್ನ ಆಫೀಸಲ್ಲಿ ಹೇಳಲ್ಲ.”

ಇಂಜಿನಿಯರಿಗೆ ಹತ್ತೊಂಬತ್ತು ವರ್ಷದ ಹಿಂದಿನ ಸಾಲು ಸಿಕ್ಕಿತು. ದೀಪದಣ್ಣನ ಕಡೆ ತಿರುಗಿದರು. “ಏನಯ್ಯಾ, ಇದು ಎಲ್ಲಕ್ಕಿಂತ ಬೆಳಕಿನ ಹುಣ್ಣಿಮೆ ಅಂತಿದೆ. ಸೂಜಿ ಬಿಡು, ನಿನ್ನ ಕಣ್ಣಿಗೆ ಬೆಳಕು ಕಾಣಲಿಲ್ವಾ?”

“ಕಾಣ್ತು ಸಾರ್.”

“ಮತ್ತೆ ಯಾಕೆ ದೀಪ ಹಾಕ್ದೆ?”

“ದಾರ ಹೋಗಲಿಲ್ಲ ಸಾರ್” ಎಂದ ದೀಪದಣ್ಣ.

ತೀರ್ಮಾನ ಬರೆಯುವುದಕ್ಕೆ ಒಂದು ಗಂಟೆ ಹಿಡಿಯಿತು. ಯಜಮಾನರ ಚಿಕಿತ್ಸೆ ಪುರಸಭೆಯದು. ಸೂಜಿ ಪರೀಕ್ಷೆಯನ್ನು ಪುರಸಭೆಯೇ ಮೊಹರು ಹಾಕಿ ಒಪ್ಪಿರುವುದರಿಂದ ದೀಪದವನು ಸುಳ್ಳು ಬರೆದಿಲ್ಲ, ಕೆಲಸದಲ್ಲಿ ಮುಂದುವರಿಯತಕ್ಕದ್ದು. ಅವನ ಹೆಂಡತಿ ನೌಕರಳಲ್ಲದ ಕಾರಣ ಶಿಕ್ಷಿಸಲು ಅವಕಾಶವಿಲ್ಲ. ಇದಕ್ಕಾಗಿ ಸಮಿತಿ ವಿಷಾದಿಸುತ್ತದೆ. ಇನ್ನು ಮುಂದೆ ಹುಣ್ಣಿಮೆ ಎಷ್ಟೇ ಪ್ರಕಾಶಮಾನವಾಗಿರಲಿ, ಎಲ್ಲ ದಿನವೂ ದೀಪ ಹೊತ್ತಿಸತಕ್ಕದ್ದು.

ಹೊರಗೆ ಬರುವ ಮುಂಚೆ ಅವಳು ಯಜಮಾನರ ಮುಂದೆ ನಿಂತು, “ಸ್ವಲ್ಪ ಇರಿ” ಎಂದು ಅವರ ಅಂಗಿಯ ಗುಂಡಿಗಳನ್ನೆಲ್ಲ ಬಿಚ್ಚಿ ಸರಿಯಾದ ಕಾಜಾಗಳಿಗೆ ಹಾಕಿದಳು. ಯಜಮಾನರು ಗದ್ದವೆತ್ತಿ ನಿಂತುಕೊಂಡರು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ಅವಳು ಕೇಳಲೂ ಇಲ್ಲ.

ಗಂಡ ಹೆಂಡತಿ ಮನೆ ಕಡೆ ನಡೆದರು. ಸೈಕಲ್ಲನ್ನು ಅವನು ತಳ್ಳಿಕೊಂಡು ಬರುತ್ತಿದ್ದ. ನಾಲ್ಕು ಗಂಟೆಯ ಬಿಸಿಲು. ಔಷಧಿ ಅಂಗಡಿಯ ಮುಂದಿನ ಕಾಲುವೆ ಇನ್ನೂ ತೆರೆದೇ ಇತ್ತು. ಇಬ್ಬರೂ ಸುತ್ತಿ ದಾಟಿದರು. ಅವಳು ಅವನ ಬೈಗುಳಕ್ಕೆ ಕಾಯುತ್ತಿದ್ದಳು, ಅವನಿಗೆ ಅದು ತಿಳಿಯುತ್ತಿತ್ತು, ಆದರೆ ಎಷ್ಟು ಹುಡುಕಿದರೂ ಅವನಿಗೆ ಸಿಟ್ಟು ಸಿಗಲಿಲ್ಲ.

“ಒಂದು ಮಾತು ಹೇಳಿದ್ರೆ” ಎಂದ ಕೊನೆಗೆ, “ಸೂಜಿ ಇಲ್ದೇನೇ ಮನೇಲಿರ್ತಿದ್ನಲ್ಲೇ.”

“ಇರ್ತಿರಲಿಲ್ಲ. ನಿಯಮ ಅಂತಿದ್ರಿ.”

ಅವನು ಯೋಚಿಸಿ ನೋಡಿದ. ಹೌದು, ಅನ್ನುತ್ತಿದ್ದ.

ಕ್ಷೌರದಂಗಡಿ ದಾಟಿದ ಮೇಲೆ ಅವಳೇ ಕೇಳಿದಳು. “ಅವತ್ತು ನಂಗೆ ಅಳಬೇಕಿತ್ತು. ನಿಮ್ಮೆದುರು ಆಗ್ತಿರಲಿಲ್ಲ. ಅದಕ್ಕೇ ದಾರ ತಪ್ಪಿಸ್ದೆ. ಆದ್ರೆ ರೀ, ಹಾಲು ಚೆಲ್ಲಿದ ಹಾಗೆ ಬೆಳಕಿತ್ತು. ತಾರಸಿ ಮೇಲೆ ಇರುವೆ ಓಡಾಡೋದು ಕಾಣ್ತಿತ್ತು. ‘ಇಷ್ಟು ಬೆಳಕಿಗೆ ದೀಪ ಯಾಕೆ, ಇವತ್ತು ಇಲ್ಲೇ ಇರ್ತೀನಿ’ ಅನ್ನಬಹುದಿತ್ತು ನೀವು. ಒಂದು ಮಾತಾಡ್ದೆ ಸೈಕಲ್ ತಗೊಂಡು ಹೊರಟು ಹೋದ್ರಿ. ಹತ್ತೊಂಬತ್ತು ವರ್ಷ ಆಯ್ತು. ಯಾಕೆ ಹೋದ್ರಿ?”

ದೀಪದಣ್ಣ ಸೈಕಲ್ ನಿಲ್ಲಿಸಿದ. ಅಂದು ಊರಿನವರೆಲ್ಲ ನಕ್ಕಿದ್ದರು, ಹಗಲಿನಂಥ ಬೆಳದಿಂಗಳಲ್ಲಿ ಬೀದಿದೀಪ ಹಾಕುತ್ತಿದ್ದಾನೆ, ಇವನಿಗೆ ತಲೆ ಕೆಟ್ಟಿದೆ ಎಂದು. ಅವನು ತಲೆ ತಗ್ಗಿಸಿಕೊಂಡು ಒಂದೊಂದೇ ಪೆಟ್ಟಿಗೆ ತೆರೆದಿದ್ದ.

“ನೀನು ‘ಹೋಗ್ತಿಲ್ಲ’ ಅಂದಾಗ ನಂಗೆ ಹೋದ ಜೀವ ಬಂದಂಗಾಯ್ತು ಕಣೇ” ಎಂದ. “ಮನೇಲಿ ನಿನ್ನ ಮುಂದೆ ಅಳಕ್ಕಾಗ್ತಿರಲಿಲ್ಲ. ಮರದ ಮಿಲ್ಲಿನ ಹಿಂದೆ ಯಾರೂ ಇರಲ್ಲ. ಹತ್ತೂವರೆ ತನಕ ಅಲ್ಲೇ ಕೂತಿದ್ದೆ. ದೀಪದ ಕೋಣೆಗೆ ಹೋಗಲೇ ಇಲ್ಲ. ‘ಹೋಗಿದ್ದೆ’ ಅಂತ ಬರ್ದೆ. ಐದು ಪುಸ್ತಕದಲ್ಲಿ ಅದೊಂದೇ ಸುಳ್ಳು.”

ಅವಳು ಸೈಕಲ್ಲಿನ ಹ್ಯಾಂಡಲ್ ಮೇಲೆ, ಅವನ ಕೈಯ ಪಕ್ಕದಲ್ಲಿ ತನ್ನ ಕೈಯನ್ನೂ ಇಟ್ಟಳು. ಹಾಗೇ ಇಬ್ಬರೂ ತಳ್ಳಿಕೊಂಡು ಮನೆಗೆ ಹೋದರು, ಬಾಗಿಲು ಮುಂದೆ ಮಾಡಿದರು, ಹಾಡುಹಗಲಿನಲ್ಲಿ ಒಬ್ಬರೆದುರು ಒಬ್ಬರು ಕೂತು ಅತ್ತರು.

ಆ ಸಂಜೆ ಊರಿನ ದೀಪಗಳು ನಲವತ್ತು ನಿಮಿಷ ತಡವಾಗಿ ಹೊತ್ತಿದವು. ಯಾರೂ ದೂರು ಕೊಡಲಿಲ್ಲ.